ಐದು ರಾತ್ರಿಯ ಜೆಲ್, ಯಾರೂ ಬಾಯಿಬಿಟ್ಟು ಹೇಳದ ಮಾತು

ಹೋದ ವಾರ ರಾತ್ರಿ ಒಂಬತ್ತೂವರೆಗೆ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. ಮದುವೆಯಾಗಿ ಎರಡು ವರ್ಷ, ಬೆಂಗಳೂರಿನಲ್ಲಿದ್ದಾಳೆ. "ಅಕ್ಕಾ, ಪಕ್ಕದಲ್ಲಿ ಯಾರಾದ್ರೂ ಇದ್ದಾರಾ?" ಅಂದಳು. ನಾನು ಅಡುಗೆಮನೆ ಬಾಗಿಲು ಮುಂದೆ ಮಾಡಿಕೊಂಡೆ. "ಡಾಕ್ಟರ್ ಒಂದು ಜೆಲ್ ಬರ್ಕೊಟ್ಟಿದ್ದಾರೆ. ರಾತ್ರಿ ಒಳಗೆ ಹಾಕ್ಕೋಬೇಕಂತೆ. ಹೇಗೆ, ಎಷ್ಟು ಅಂತ ಕೇಳೋಕೇ ಆಗ್ಲಿಲ್ಲ. ಹೊರಗೆ ಅಷ್ಟು ಜನ ಕಾಯ್ತಾ ಇದ್ರು."

ಅವಳಿಗೆ ಮುಕ್ಕಾಲು ಗಂಟೆ ಹೇಳಿದೆ. ಫೋನ್ ಇಟ್ಟ ಮೇಲೆ ಅನ್ನಿಸಿತು, ಅವಳಿಗೆ ಕೇಳೋಕೆ ಒಬ್ಬ ಅಕ್ಕ ಇದ್ದಾಳೆ. ಇಲ್ಲದವರು ಏನು ಮಾಡಬೇಕು? ಅದಕ್ಕೇ ಯೋನಿಯೊಳಗೆ ಹಾಕಿಕೊಳ್ಳುವ ಈ ಜೆಲ್ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಶಿವಮೊಗ್ಗದಲ್ಲಿ ಹೈಸ್ಕೂಲ್ ಟೀಚರ್. ವಿಜ್ಞಾನ ಹೇಳಿಕೊಡುತ್ತೇನೆ. ನನಗೆ ಆದದ್ದು, ನಾನು ಕೇಳಿ ಓದಿ ತಿಳಿದುಕೊಂಡದ್ದು ಇಷ್ಟು.

ಮೂರು ವರ್ಷದ ಹಿಂದಿನ ಮಾತು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಶುರುವಾಯಿತು. ಯೋನಿಯಿಂದ ತೆಳ್ಳಗೆ, ಬೂದು ಬಿಳಿಯಾಗಿ ದ್ರವ ಹೋಗುತ್ತಿತ್ತು. ತುರಿಕೆ ಇಲ್ಲ, ನೋವಿಲ್ಲ. ಆದರೆ ವಾಸನೆ. ಹಳೆಯ ಮೀನಿನಂಥ ವಾಸನೆ. ಮುಟ್ಟು ಮುಗಿಯುವ ದಿನಗಳಲ್ಲಿ ಮತ್ತು ಗಂಡನ ಜೊತೆ ಕೂಡಿದ ಮೇಲೆ ಅದು ಇನ್ನೂ ಜಾಸ್ತಿ. ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕದ ಕುರ್ಚಿಯೇ ಬೇಕು ಅನ್ನಿಸುವಷ್ಟು ಸಂಕೋಚ. ಅಮ್ಮನಿಗೆ ಹೇಳಿದೆ. "ಉಷ್ಣ ಆಗಿದೆ ಕಣೇ, ಜೀರಿಗೆ ನೀರು ಕುಡಿ" ಅಂದರು. ಮುಂದಿನ ಸಲ ಊರಿಂದ ಬರುವಾಗ ಅಶೋಕಾರಿಷ್ಟದ ಬಾಟಲಿ ತಂದರು. ನಾನು ನನ್ನಷ್ಟಕ್ಕೆ ಒಂದು ಇಂಟಿಮೇಟ್ ವಾಶ್ ಕೊಂಡು ದಿನಕ್ಕೆ ಮೂರು ಸಲ ತೊಳೆಯತೊಡಗಿದೆ. ಒಳಗೂ ನೀರು ಹಾಯಿಸುತ್ತಿದ್ದೆ. ಎರಡು ತಿಂಗಳು ಹೀಗೇ ಹೋಯಿತು. ತೊಳೆದಷ್ಟೂ ಅದು ಹೆಚ್ಚಾಯಿತು.

ಕೊನೆಗೆ ಲೇಡಿ ಡಾಕ್ಟರ್ ಹತ್ತಿರ ಹೋದೆ. ಅವರು ಹುಳಿಯೋ ಕ್ಷಾರವೋ ಅಂತ ತೋರಿಸುವ ಒಂದು ಸಣ್ಣ ಪಟ್ಟಿಯ ಪಿಎಚ್ ಕಾಗದಕ್ಕೆ ಆ ದ್ರವ ತಾಗಿಸಿ ನನಗೆ ತೋರಿಸಿದರು. ಹಳದಿಯಾಗಿ ಉಳಿಯಬೇಕಾದ ಕಾಗದ ಹಸಿರಿಗೆ ತಿರುಗಿತ್ತು. "ಟೀಚರ್ ಅಲ್ವಾ ನೀವು, ಇದು ನಿಮಗೆ ಅರ್ಥ ಆಗುತ್ತೆ" ಅಂದರು. ಅರ್ಥವಾಯಿತು, ಹುಳಿ ಕಡಿಮೆಯಾಗಿದೆ. ಯೋನಿಯ ಒಳಗೆ ಸಾಮಾನ್ಯವಾಗಿ ಪಿಎಚ್ 3.8 ರಿಂದ 4.5 ರ ಒಳಗೆ, ಅಂದರೆ ಹುಳಿ. ಆ ಹುಳಿ ಕಾಯುವುದು ಲ್ಯಾಕ್ಟೊಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾ. ಹಾಲನ್ನು ಮೊಸರು ಮಾಡುವ ಬ್ಯಾಕ್ಟೀರಿಯಾದ ಬಳಗದ್ದೇ. ಎಂಟನೇ ತರಗತಿಗೆ ಪ್ರತಿ ವರ್ಷ ಅದರ ಪಾಠ ಮಾಡುತ್ತೇನೆ. ಅವು ಕಡಿಮೆಯಾಗಿ ಗಾರ್ಡ್ನರೆಲ್ಲಾದಂಥ ಬೇರೆ ಬ್ಯಾಕ್ಟೀರಿಯಾ ತುಂಬಿಕೊಂಡರೆ ಅದಕ್ಕೆ ಬ್ಯಾಕ್ಟೀರಿಯಲ್ ವಜೈನೋಸಿಸ್ ಅನ್ನುತ್ತಾರೆ, ಚಿಕ್ಕದಾಗಿ ಬಿವಿ. ರಕ್ತವೂ ವೀರ್ಯವೂ ಹುಳಿಯಲ್ಲ, ಕ್ಷಾರದ ಕಡೆಗಿರುತ್ತವೆ. ವಾಸನೆ ಆಗಲೇ ಏಳುವುದಕ್ಕೆ ಕಾರಣ ಅದು. ನಾನು ಒಳಗೆಲ್ಲ ತೊಳೆದು ಉಳಿದಿದ್ದ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ತೆಗೆದು ಹಾಕುತ್ತಿದ್ದೆ. ಉಷ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ.

ಮೆಟ್ರೊನಿಡಜೋಲ್ ಎಂಬ ಆಂಟಿಬಯೋಟಿಕ್‌ನ ಜೆಲ್ ಬರೆದುಕೊಟ್ಟರು. ರಾತ್ರಿ ಮಲಗುವಾಗ ಒಂದು ಸಲ, ಐದು ರಾತ್ರಿ.

ಮೆಡಿಕಲ್ ಶಾಪ್‌ನವರು ಪೇಪರಿನಲ್ಲಿ ಸುತ್ತಿ, ಮೇಲೆ ಕಪ್ಪು ಕವರ್ ಹಾಕಿ, ನನ್ನ ಮುಖ ನೋಡದೆ ಕೊಟ್ಟರು. ನಾನೂ ಅವರ ಮುಖ ನೋಡದೆ ತಂದೆ. ಮನೆಯಲ್ಲಿ ಬಿಚ್ಚಿದರೆ ಒಂದು ಟ್ಯೂಬ್, ಜೆಲ್ ಒಳಗೆ ಬಿಡಲು ಐದು ಪ್ಲಾಸ್ಟಿಕ್ ಕೊಳವೆ, ಅಂದರೆ ಅಪ್ಲಿಕೇಟರ್, ಎಂಟು ಮಡಿಕೆ ಮಡಚಿದ ತೆಳು ಕಾಗದದಲ್ಲಿ ಇರುವೆಯಷ್ಟು ಅಕ್ಷರದ ಇಂಗ್ಲಿಷ್. ಮೊದಲ ಸಲ ಆ ಕಾಗದವನ್ನು ನಾನು ಓದಲಿಲ್ಲ. ಅಂದಾಜಿನಲ್ಲಿ ಹಾಕಿಕೊಂಡೆ. ಬೆಳಿಗ್ಗೆ ಎದ್ದಾಗ ಸ್ವಲ್ಪ ಜೆಲ್ ಹೊರಗೆ ಬಂದಿತ್ತು. ಎಲ್ಲ ಚೆಲ್ಲಿಹೋಯಿತೇನೋ ಅಂತ ಹೆದರಿ ಆ ಬೆಳಿಗ್ಗೆ ಇನ್ನೊಂದು ಹಾಕಿಕೊಂಡೆ. ಮೂರನೇ ದಿನಕ್ಕೆ ವಾಸನೆ ಪೂರ್ತಿ ಹೋಯಿತು. ಹೋಯಿತಲ್ಲ, ಇನ್ನೇಕೆ ಅಂತ ನಿಲ್ಲಿಸಿಬಿಟ್ಟೆ.

ಆರು ವಾರಕ್ಕೆ ಎಲ್ಲವೂ ವಾಪಸ್ ಬಂತು.

ಈ ಸಲ ಡಾಕ್ಟರ್ ಹತ್ತಿರ ಹೋಗಲಿಲ್ಲ. ಅದೇ ಔಷಧಿ ತಾನೇ ಅಂತ ಮನೆ ಹತ್ತಿರದ ಬೇರೆ ಅಂಗಡಿಗೆ ಹೋಗಿ, ಚೀಟಿ ಇಲ್ಲದೆ, ಔಷಧಿಯ ಹೆಸರಿನ ಮೊದಲರ್ಧ ಹೇಳಿ, "ಜೆಲ್" ಅಂದೆ. ಅಂಗಡಿಯಲ್ಲಿ ಗಂಡಸರು ಇದ್ದರು, ಹಾಗಾಗಿ "ಎಲ್ಲಿಗೆ" ಅನ್ನುವುದನ್ನು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ಟ್ಯೂಬ್ ಕೊಟ್ಟರು. ಮನೆಗೆ ಬಂದು ನೋಡಿದರೆ ಅಪ್ಲಿಕೇಟರ್ ಇಲ್ಲ. ಹಳೆಯದು ಒಂದು ಉಳಿದಿತ್ತು, ಅದನ್ನೇ ಹಾಕಿದರಾಯಿತು ಅಂದುಕೊಂಡೆ. ಟ್ಯೂಬಿನ ಮುಚ್ಚಳ ತೆಗೆದು ಬೆರಳ ಮೇಲೆ ಒಂದು ಚೂರು ಹಿಂಡಿದೆ. ಘಮ್ಮಂತ ಪುದೀನ ವಾಸನೆ ಬಂತು, ಟೂತ್‌ಪೇಸ್ಟ್ ಥರ.

ಅಲ್ಲೇ ನಿಂತುಬಿಟ್ಟೆ. ದೀಪದ ಕೆಳಗೆ ಹಿಡಿದು ಓದಿದೆ. ಅದು ವಸಡಿಗೆ ಹಚ್ಚುವ ಜೆಲ್. ಮೆಟ್ರೊನಿಡಜೋಲ್ ಜೊತೆ ಬಾಯಿ ಮುಕ್ಕಳಿಸುವ ಔಷಧಿಯಲ್ಲಿರುವ ಕ್ಲೋರ್‌ಹೆಕ್ಸಿಡಿನ್ ಕೂಡ ಇತ್ತು. ಔಷಧಿಯ ಹೆಸರು ಒಂದೇ, ಆದರೆ ವಸಡಿಗೆ ಬೇರೆ ಜೆಲ್, ಮುಖದ ಚರ್ಮಕ್ಕೆ ಬೇರೆ ಜೆಲ್, ಯೋನಿಗೆ ಬೇರೆ ಜೆಲ್. ಒಂದರ ಜಾಗಕ್ಕೆ ಇನ್ನೊಂದು ನಡೆಯುವುದಿಲ್ಲ. ಆ ಪುದೀನ ವಾಸನೆ ಬರದಿದ್ದರೆ ನಾನು ಅದನ್ನು ಹಾಕಿಕೊಂಡೇ ಬಿಡುತ್ತಿದ್ದೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ. ಒಂದು ಪದ ಬಾಯಿಬಿಟ್ಟು ಹೇಳಲು ನಾಚಿಕೊಂಡದ್ದಕ್ಕೆ ಅಲ್ಲಿಗೆ ಹೋಗಿ ಮುಟ್ಟಿತ್ತು.

ಈಗ ಅಂಗಡಿಯಲ್ಲಿ ನೇರ ಹೇಳುತ್ತೇನೆ, "ವಜೈನಲ್ ಜೆಲ್ ಕೊಡಿ" ಅಂತ. ಚೀಟಿ ಮುಂದಿಡುತ್ತೇನೆ. ಇದು ಷೆಡ್ಯೂಲ್ ಎಚ್ ಔಷಧಿ, ಚೀಟಿ ಇಲ್ಲದೆ ಮಾರಬಾರದ್ದು. ದುಡ್ಡು ಕೊಡುವ ಮೊದಲು ಡಬ್ಬಿಯ ಮೇಲೆ ವಜೈನಲ್ ಅಂತ ಇದೆಯಾ, ಎಷ್ಟು ಪರ್ಸೆಂಟ್, ಎಕ್ಸ್‌ಪೈರಿ ಯಾವಾಗ, ಒಳಗೆ ಅಪ್ಲಿಕೇಟರ್ ಇದೆಯಾ ಅಂತ ಅಲ್ಲೇ ಬಿಚ್ಚಿ ನೋಡುತ್ತೇನೆ. ಯಾರು ಪಕ್ಕದಲ್ಲಿ ನಿಂತಿದ್ದರೂ ಸರಿ.

ಆ ವಸಡಿನ ಜೆಲ್ ತಂದ ಮರುದಿನ ಡಾಕ್ಟರ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಮತ್ತೆ ಪರೀಕ್ಷೆ ಮಾಡಿದರು. ನನಗೆ ಅದು ಬೇಡ ಅನ್ನಿಸಿತ್ತು, ಅದೇ ತೊಂದರೆ ಅಂತ ನನಗೆ ಗೊತ್ತಲ್ಲ. ಅವರು ವಿವರಿಸಿದರು. ಒಡೆದ ಮೊಸರಿನಂತೆ ಗಟ್ಟಿಯಾಗಿ ಹೋಗಿ ವಿಪರೀತ ತುರಿಕೆ ಇದ್ದರೆ ಅದು ಸಾಮಾನ್ಯವಾಗಿ ಫಂಗಸ್, ಅದಕ್ಕೆ ಆಂಟಿಬಯೋಟಿಕ್ ಜೆಲ್ ಹಾಕಿದರೆ ಇನ್ನೂ ಕೆರಳಬಹುದು. ಟ್ರೈಕೊಮೊನಾಸ್ ಅಂತ ಇನ್ನೊಂದಿದೆ, ಲೈಂಗಿಕ ಸಂಪರ್ಕದಿಂದ ಹರಡುವಂಥದ್ದು. ಅದಕ್ಕೂ ಕೆಟ್ಟ ವಾಸನೆ ಇರುತ್ತದೆ, ಮದ್ದೂ ಮೆಟ್ರೊನಿಡಜೋಲೇ. ಆದರೆ ಜೆಲ್‌ನಿಂದ ಅದು ಸರಿಯಾಗಿ ವಾಸಿಯಾಗುವುದಿಲ್ಲ, ಮಾತ್ರೆಯೇ ಬೇಕು, ಗಂಡನಿಗೂ ಬೇಕು. ಅಂದರೆ ವಾಸನೆ ಒಂದನ್ನೇ ನಂಬಿ ಹಳೇ ಚೀಟಿ ಹಿಡಿದು ಓಡಬಾರದು.

ಆಮೇಲೆ ಅಲ್ಲಿನ ಸಿಸ್ಟರ್ ಪಕ್ಕದ ರೂಮಿಗೆ ಕರೆದುಕೊಂಡು ಹೋಗಿ, ಖಾಲಿ ಅಪ್ಲಿಕೇಟರ್ ಕೈಯಲ್ಲಿ ಹಿಡಿದು ಹೇಳಿಕೊಟ್ಟರು. ಐದು ನಿಮಿಷವೂ ಹಿಡಿಯಲಿಲ್ಲ. ಅದನ್ನೇ ಇಲ್ಲಿ ನಿಧಾನವಾಗಿ ಬರೆಯುತ್ತೇನೆ, ಇದು ಎಲ್ಲೂ ಕನ್ನಡದಲ್ಲಿ ನನಗೆ ಸಿಕ್ಕಿರಲಿಲ್ಲ.

ಮೊದಲು ಮೂತ್ರ ಮಾಡಿ ಬನ್ನಿ, ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ. ಟ್ಯೂಬಿನ ಬಾಯಿಗೆ ಸೀಲ್ ಇದ್ದರೆ ಮುಚ್ಚಳದ ಚೂಪು ತುದಿಯಿಂದ ಚುಚ್ಚಿ. ಅಪ್ಲಿಕೇಟರ್‌ನ ತೆರೆದ ತುದಿಯನ್ನು ಟ್ಯೂಬಿನ ಬಾಯಿಗೆ ತಿರುಗಿಸಿ ಕೂರಿಸಿ, ಟ್ಯೂಬನ್ನು ಹಿಂಭಾಗದಿಂದ ಮೆಲ್ಲಗೆ ಹಿಂಡಿ. ಜೆಲ್ ಒಳಗೆ ಬಂದಂತೆ ಅಪ್ಲಿಕೇಟರ್ ಒಳಗಿನ ಒತ್ತುವ ಕಡ್ಡಿ ತಾನಾಗಿ ಹಿಂದಕ್ಕೆ ಸರಿಯುತ್ತದೆ. ಅದು ನಿಂತಲ್ಲಿಗೆ ಅಳತೆ ಮುಗಿಯಿತು. ನನ್ನದರಲ್ಲಿ ಒಂದು ಸಲಕ್ಕೆ 5 ಗ್ರಾಂ ಜೆಲ್, 0.75 ಪರ್ಸೆಂಟಿನದು. ಲೆಕ್ಕ ಹಾಕಿದರೆ ಔಷಧಿ 37.5 ಮಿಲಿಗ್ರಾಂ ಅಷ್ಟೇ. ಮಾತ್ರೆಯಾದರೆ ಒಂದರಲ್ಲೇ 400 ಮಿಲಿಗ್ರಾಂ ಇರುತ್ತದೆ. ಜೆಲ್‌ನಲ್ಲಿ ಔಷಧಿ ರಕ್ತಕ್ಕೆ ಹೋಗುವುದು ತೀರಾ ಕಡಿಮೆ, ಹೊಟ್ಟೆ ತೊಳಸುವುದೂ ಕಡಿಮೆ.

ಅಪ್ಲಿಕೇಟರನ್ನು ಟ್ಯೂಬಿನಿಂದ ಬಿಡಿಸಿ, ಟ್ಯೂಬ್ ಮುಚ್ಚಿಟ್ಟು, ಅಂಗಾತ ಮಲಗಿ ಮಂಡಿ ಮಡಚಿ. ನೇರ ಮೇಲಕ್ಕಲ್ಲ, ಬೆನ್ನಿನ ಕೆಳಭಾಗದ ಕಡೆಗೆ ಸ್ವಲ್ಪ ಓರೆಯಾಗಿ ಒಳಗೆ ಬಿಡಬೇಕು. ನಾನು ಮೊದಲ ಸಲ ತಪ್ಪಿದ್ದು ಇಲ್ಲೇ. ನೇರ ತಳ್ಳಿ, ನೋವಾಗಿ, ಅರ್ಧಕ್ಕೇ ಒತ್ತಿಬಿಟ್ಟಿದ್ದೆ. ನೋವಾಗದಷ್ಟು ದೂರ ಹೋದರೆ ಸಾಕು. ಉಸಿರು ಬಿಡುತ್ತಾ ಮೈ ಸಡಿಲ ಮಾಡಿದರೆ ಸಲೀಸಾಗಿ ಹೋಗುತ್ತದೆ. ಆಮೇಲೆ ಕಡ್ಡಿಯನ್ನು ಕೊನೆವರೆಗೆ ಮೆಲ್ಲಗೆ ಒತ್ತಿ, ಹಾಗೇ ಹೊರಗೆ ತೆಗೆಯಿರಿ. ಒಂದು ಸಲ ಬಳಸುವ ಅಪ್ಲಿಕೇಟರ್ ಆದರೆ ಪೇಪರಿನಲ್ಲಿ ಸುತ್ತಿ ಬಿಸಾಡಿ. ಮತ್ತೆ ಬಳಸುವಂಥದ್ದು ಅಂತ ಬರೆದಿದ್ದರೆ ಮಾತ್ರ ಸೋಪು ಮತ್ತು ಬೆಚ್ಚನೆ ನೀರಿನಲ್ಲಿ ತೊಳೆದು ಒಣಗಿಸಿ. ಮತ್ತೆ ಕೈ ತೊಳೆಯಿರಿ. ಆ ಕೈಯಲ್ಲಿ ಕಣ್ಣು ಉಜ್ಜಬೇಡಿ, ಉರಿಯುತ್ತದೆ. ತಾಗಿದರೆ ತಣ್ಣೀರಿನಿಂದ ಚೆನ್ನಾಗಿ ತೊಳೆದುಬಿಡಿ.

ಬೆಳಿಗ್ಗೆ ಸ್ವಲ್ಪ ಹೊರಗೆ ಬಂದೇ ಬರುತ್ತದೆ. ಒಂದು ತೆಳು ಪ್ಯಾಡ್ ಇಟ್ಟುಕೊಂಡರೆ ಆಯಿತು. ಔಷಧಿ ರಾತ್ರಿಯೆಲ್ಲ ತನ್ನ ಕೆಲಸ ಮಾಡಿರುತ್ತದೆ, ಇನ್ನೊಂದು ಸಲ ಹಾಕುವ ಅಗತ್ಯ ಇಲ್ಲ. ಒಂದು ರಾತ್ರಿ ಮರೆತರೆ ನೆನಪಾದ ತಕ್ಷಣ ಹಾಕಿಕೊಳ್ಳಿ. ಮುಂದಿನದಕ್ಕೆ ಹೊತ್ತು ಹತ್ತಿರವಾಗಿದ್ದರೆ ಬಿಟ್ಟುಬಿಡಿ, ಎರಡು ಒಟ್ಟಿಗೆ ಬೇಡ. ವಾಸನೆ ಎರಡನೇ ದಿನಕ್ಕೇ ಹೋದರೂ ಐದೂ ರಾತ್ರಿ ಮುಗಿಸಿ. ಆ ಐದು ದಿನ ಗಂಡ ಹೆಂಡತಿ ಸೇರುವುದು ಬೇಡ. ಟ್ಯಾಂಪೂನ್, ಮುಟ್ಟಿನ ಕಪ್ ಬೇಡ, ಒಳಗೆ ತೊಳೆಯುವುದಂತೂ ಬೇಡವೇ ಬೇಡ. ನಡುವೆ ಮುಟ್ಟಾದರೆ ಏನು ಮಾಡಬೇಕು ಅನ್ನುವುದನ್ನು ಮೊದಲೇ ಕೇಳಿಕೊಳ್ಳಿ. ನನ್ನ ಡಾಕ್ಟರ್ ಕ್ಯಾಲೆಂಡರ್ ನೋಡಿ, ಮುಟ್ಟಿಗೆ ಮೂರೇ ದಿನ ಇದೆ, ಮುಗಿಸಿಕೊಂಡೇ ಶುರು ಮಾಡಿ ಅಂದರು.

ಇಲ್ಲಿ ಅಶೋಕಾರಿಷ್ಟದ ಮಾತು ಹೇಳಲೇಬೇಕು. ಬೇರೆ ಏನಾದರೂ ತಗೋತಿದ್ದೀರಾ ಅಂತ ಡಾಕ್ಟರ್ ಕೇಳಿದಾಗ ನಾನು ಇಲ್ಲ ಅಂದಿದ್ದೆ. ಅರಿಷ್ಟ ಔಷಧಿ ಅಂತ ನನ್ನ ತಲೆಯಲ್ಲೇ ಇರಲಿಲ್ಲ, ಅಮ್ಮ ಕೊಟ್ಟದ್ದಲ್ಲವಾ. ಮೆಟ್ರೊನಿಡಜೋಲ್ ಕಾಗದದಲ್ಲಿ ಮದ್ಯ ಕುಡಿಯಬೇಡಿ ಅಂತ ಇರುತ್ತದೆ. ನಮ್ಮ ಮನೆಯಲ್ಲಿ ಅದನ್ನೆಲ್ಲ ಯಾರು ಮುಟ್ಟುತ್ತಾರೆ ಅಂದುಕೊಂಡಿದ್ದೆ. ಆದರೆ ಅರಿಷ್ಟ, ಆಸವಗಳು ಹುದುಗಿಸಿ ಮಾಡಿದವು. ಅವುಗಳಲ್ಲಿ ತಾನಾಗಿ ಹುಟ್ಟಿದ ಆಲ್ಕೋಹಾಲ್ ಇರುತ್ತದೆ, ಬಾಟಲಿ ಮೇಲೆ ಬರೆದೂ ಇರುತ್ತದೆ. ಆ ಎಚ್ಚರಿಕೆಗೆ ಆಧಾರ ಅಷ್ಟು ಗಟ್ಟಿಯಾಗಿಲ್ಲ, ಮದ್ಯ ಬಿಡಲೇಬೇಕೆಂದಿಲ್ಲ ಅಂತ ಅಮೆರಿಕದ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021 ರ ಮಾರ್ಗಸೂಚಿಯಲ್ಲಿ ಹೇಳಿದೆ. ಆದರೂ ಆ ಐದು ದಿನ ಅರಿಷ್ಟ ನಿಲ್ಲಿಸಿ ಅಂತ ನನ್ನ ಡಾಕ್ಟರ್ ಹೇಳಿದರು. ನಿಲ್ಲಿಸಿದೆ. ಅಮ್ಮನಿಗೂ ಕಾರಣ ಹೇಳಿದೆ, ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಇನ್ನು ಕೆಲವು ಔಷಧಿಗಳ ವಿಷಯದಲ್ಲಿ ಇಂಥ ಎರಡು ಮಾತಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರಲ್ಲಿ ಮೆಟ್ರೊನಿಡಜೋಲ್ ಅದರ ಪರಿಣಾಮ ಹೆಚ್ಚಿಸಿ ರಕ್ತಸ್ರಾವ ತರಬಹುದು. ಮನಸ್ಸಿನ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು, ಕುಡಿತ ಬಿಡಿಸಲು ಡೈಸಲ್ಫಿರಾಂ ಮಾತ್ರೆಯನ್ನು ಹಿಂದಿನ ಎರಡು ವಾರದೊಳಗೆ ತೆಗೆದುಕೊಂಡವರು ಡಾಕ್ಟರಿಗೆ ಹೇಳಲೇಬೇಕು. ನನ್ನ ಅತ್ತೆಗೆ ಹೃದಯದ ಕವಾಟದ ಆಪರೇಷನ್ ಆಗಿ ವಾರ್ಫರಿನ್ ನಡೆಯುತ್ತಿದೆ. ನಮ್ಮ ಮನೆಗಳಲ್ಲಿ ಒಬ್ಬರ ಔಷಧಿ ಮಿಕ್ಕರೆ ಇನ್ನೊಬ್ಬರಿಗೆ ಕೊಡುವ ರೂಢಿ ಇದೆಯಲ್ಲ, ಈ ಟ್ಯೂಬಿನ ಮಟ್ಟಿಗೆ ಅದು ಬೇಡ. ಬಸುರಿಯಾಗಿದ್ದರೆ, ಆಗಿರಬಹುದು ಅನ್ನಿಸಿದರೆ, ಮಗುವಿಗೆ ಹಾಲೂಡಿಸುತ್ತಿದ್ದರೆ ಚೀಟಿ ಬರೆಯುವ ಮೊದಲೇ ಹೇಳಿ. ಬಸುರಿನಲ್ಲಿ ಬಿವಿ ಇದ್ದರೆ ದಿನ ತುಂಬುವ ಮೊದಲೇ ಹೆರಿಗೆಯಾಗುವ ಸಾಧ್ಯತೆ ಹೆಚ್ಚು, ಹಾಗಾಗಿ ನಾಚಿ ಮುಚ್ಚಿಡುವುದು ಸರಿಯಲ್ಲ. ನಾನು ಕಾಪರ್-ಟಿ, ನಮ್ಮ ಕಡೆ ವಂಕಿ ಅಂತೀವಲ್ಲ, ಹಾಕಿಸಿಕೊಂಡದ್ದನ್ನೂ ಹೇಳಿದೆ. ಪದೇ ಪದೇ ಬಿವಿ ಬರುವವರಲ್ಲಿ ಅದನ್ನೂ ಗಮನಿಸುತ್ತಾರಂತೆ.

ಕೆಲವರಿಗೆ ಮೆಟ್ರೊನಿಡಜೋಲ್ ಬದಲು ಕ್ಲಿಂಡಾಮೈಸಿನ್ ಕ್ರೀಮ್ ಬರೆಯುತ್ತಾರೆ, ಸಾಮಾನ್ಯವಾಗಿ ಏಳು ರಾತ್ರಿ. ಅದರಲ್ಲಿ ಎಣ್ಣೆಯ ಅಂಶ ಇರುವುದರಿಂದ ಲ್ಯಾಟೆಕ್ಸ್ ಕಾಂಡೋಮ್ ದುರ್ಬಲವಾಗುತ್ತದೆ, ಕ್ರೀಮ್ ಮುಗಿದ ಮೇಲೂ ಐದು ದಿನ. ಕಾಂಡೋಮ್ ನಂಬಿಕೊಂಡವರಿಗೆ ಇದು ಸಣ್ಣ ವಿಷಯವಲ್ಲ.

ಎರಡನೇ ಸಲ ನನಗೆ ಮೂರನೇ ದಿನ ಬಾಯಲ್ಲಿ ಸ್ವಲ್ಪ ಕಬ್ಬಿಣ ನೆಕ್ಕಿದಂಥ ರುಚಿ ಇತ್ತು, ತಾನಾಗಿ ಹೋಯಿತು. ಸ್ವಲ್ಪ ತಲೆನೋವು, ವಾಕರಿಕೆ ಕೂಡ ಆಗಬಹುದು. ಮುಗಿದು ನಾಲ್ಕು ದಿನಕ್ಕೆ ತುರಿಕೆ ಶುರುವಾಯಿತು. ಮತ್ತೆ ಬಂತು ಅಂತ ಅತ್ತೇಬಿಟ್ಟೆ. ಅದು ಬಿವಿ ಅಲ್ಲ, ಫಂಗಸ್. ಆಂಟಿಬಯೋಟಿಕ್ ಆದ ಮೇಲೆ ಕೆಲವರಿಗೆ ಹಾಗೆ ಆಗುತ್ತದೆ. ಡಾಕ್ಟರ್ ಬೇರೆ ಔಷಧಿ ಕೊಟ್ಟರು, ವಾರದಲ್ಲಿ ಸರಿಹೋಯಿತು. ಆದರೆ ಮೈಮೇಲೆ ದದ್ದು, ಮುಖ ಊತ, ತಡೆಯಲಾರದ ಉರಿ, ಕೈಕಾಲು ಜೋಮು ಕಂಡರೆ ಜೆಲ್ ನಿಲ್ಲಿಸಿ ಆಗಲೇ ಹೋಗಬೇಕು. ಉಸಿರಾಡಲು ಕಷ್ಟವಾದರೆ ಒಂದು ಗಳಿಗೆಯೂ ಕಾಯಬೇಡಿ, ನೇರ ಆಸ್ಪತ್ರೆಗೆ ಹೋಗಿ. ಜ್ವರ, ಕಿಬ್ಬೊಟ್ಟೆ ನೋವು ಇದ್ದರೂ ಅಷ್ಟೇ ಬೇಗ ತೋರಿಸಿ. ಅದು ಬರೀ ಬಿವಿ ಇರಲಿಕ್ಕಿಲ್ಲ, ಸೋಂಕು ಗರ್ಭಕೋಶದ ಕಡೆ ಹೋಗಿರಬಹುದು.

ಎಲ್ಲ ಸರಿಯಾಗಿ ಮಾಡಿದರೂ ಬಿವಿ ಮರಳಿ ಬರಬಹುದು. ವರ್ಷದೊಳಗೆ ಸುಮಾರು ಅರ್ಧದಷ್ಟು ಹೆಂಗಸರಿಗೆ ಬರುತ್ತದೆ. ಇದು ಕೊಳಕಿನಿಂದ ಬಂದದ್ದಲ್ಲ, ಹೆಂಗಸಿನ ತಪ್ಪೂ ಅಲ್ಲ. 2025 ರಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನದ ಫಲಿತಾಂಶ ಬಂತು. ಒಬ್ಬರೇ ಸಂಗಾತಿ ಇರುವ ಜೋಡಿಗಳನ್ನು ತೆಗೆದುಕೊಂಡು, ಒಂದು ಗುಂಪಿನಲ್ಲಿ ಗಂಡಸಿಗೂ ಮಾತ್ರೆ ಮತ್ತು ಹಚ್ಚುವ ಕ್ರೀಮ್ ಕೊಟ್ಟರು, ಇನ್ನೊಂದರಲ್ಲಿ ಹೆಂಗಸಿಗೆ ಮಾತ್ರ. ಮೂರು ತಿಂಗಳೊಳಗೆ ಮರಳಿ ಬಂದದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 35, ಎರಡನೆಯದರಲ್ಲಿ 63. ಇದನ್ನು ಓದಿ ನನಗೆ ಸಮಾಧಾನವೂ ಆಯಿತು, ಸಿಟ್ಟೂ ಬಂತು. ಇಷ್ಟು ವರ್ಷ ಎಷ್ಟು ಹೆಂಗಸರು ತಮ್ಮನ್ನೇ ತಾವು ಉಜ್ಜಿ ತೊಳೆದುಕೊಂಡಿದ್ದಾರೋ! ನನ್ನ ಗಂಡನಿಗೂ ಓದಿಸಿದೆ. "ಮತ್ತೆ ಬಂದರೆ ನಾನೂ ಬರ್ತೀನಿ ಡಾಕ್ಟರ್ ಹತ್ತಿರ" ಅಂದರು. ಪದೇ ಪದೇ ಬರುವವರಿಗೆ ತಿಂಗಳುಗಟ್ಟಲೆ ವಾರಕ್ಕೆ ಎರಡು ಸಲ ಜೆಲ್ ಹಾಕಿಸುವ ಕ್ರಮವೂ ಇದೆ, ಆದರೆ ಅದನ್ನು ಡಾಕ್ಟರ್ ನಿರ್ಧರಿಸಬೇಕು. ಖಾಸಗಿ ಆಸ್ಪತ್ರೆಗೆ ಹೋಗಲು ಆಗದವರು ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋಗಬಹುದು. ಇಂಥ ತೊಂದರೆಗೇ ಇರುವ ಜಾಗ ಅದು, ಔಷಧಿ ಉಚಿತ.

ತಂಗಿ ನಿನ್ನೆ ರಾತ್ರಿ ಮತ್ತೆ ಫೋನ್ ಮಾಡಿದ್ದಳು. ನಾಲ್ಕನೇ ರಾತ್ರಿ. ವಾಸನೆ ಹೋಗಿದೆಯಂತೆ. "ಅಕ್ಕಾ, ಟ್ಯೂಬ್ ಫ್ರಿಜ್‌ನಲ್ಲಿ ಇಡ್ಬೇಕಾ?" ಅಂತ ಕೇಳಿದಳು. ಬೇಡ, ಬಿಸಿಲು ಬೀಳದ ಕಪಾಟಿನಲ್ಲಿಟ್ಟರೆ ಸಾಕು ಅಂದೆ. ಡಬ್ಬಿ ಹಿಡಿದುಕೊಂಡು ಓದುತ್ತಿದ್ದಳು ಅನ್ನಿಸುತ್ತದೆ, ಕಾಗದ ಬಿಚ್ಚುವ ಸದ್ದು ಕೇಳುತ್ತಿತ್ತು. "ಇನ್ನೊಂದು ಅಪ್ಲಿಕೇಟರ್ ಉಳಿದಿದೆ" ಅಂದಳು. "ಅದು ನಾಳೆಗೆ" ಅಂದೆ.